ಬೆಟ್ಟದ ಕಾಲೇಜು ಚಿತ್ರ ತೋರಿಸುತ್ತಿದೆ, ಲೇಬಲ್ ಎಲ್ಲಿದೆ?

ಪ್ರಶ್ನೆ: ಮೇಡಂ, ನಾನು ಬ್ಯಾಡಗಿ ತಾಲ್ಲೂಕಿನವನು. ಬೀಜ, ಗೊಬ್ಬರದ ಅಂಗಡಿ ಇದೆ, ನಾಲ್ಕು ಎಕರೆ ಹೊಲವೂ ಇದೆ. ಮಗಳು ಈ ವರ್ಷ ವಿಜ್ಞಾನ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಬಿಎಸ್ಸಿ ಕೃಷಿ ಓದಬೇಕೆಂಬುದು ಅವಳ ಆಸೆ, ನನ್ನದೂ ಅದೇ. ಸಿಇಟಿ ಬರೆದಳು, ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಗೂ ಹೋಗಿ ಬಂದಳು. ರ‍್ಯಾಂಕ್ ನೋಡಿದರೆ ಸೀಟು ಸಿಗುವುದು ಅನುಮಾನ. ಹುಬ್ಬಳ್ಳಿಯ ಹೋಟೆಲೊಂದರಲ್ಲಿ ನಡೆದ ಶಿಕ್ಷಣ ಮೇಳದಲ್ಲಿ ಹಿಮಾಚಲ ಪ್ರದೇಶದ ಸೋಲನ್ ಕಡೆಯ ಖಾಸಗಿ ವಿಶ್ವವಿದ್ಯಾಲಯವೊಂದರ ಪುಸ್ತಿಕೆ ಸಿಕ್ಕಿತು. ಹಿಮದ ಬೆಟ್ಟಗಳ ನಡುವಿನ ಕಾಲೇಜು, ನೂರಕ್ಕೆ ನೂರು ಪ್ಲೇಸ್‌ಮೆಂಟ್, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಯ ‘ಎ’ ಶ್ರೇಣಿ ಎಂದೆಲ್ಲ ಬರೆದಿದ್ದಾರೆ. ವರ್ಷದ ಬೋಧನಾ ಶುಲ್ಕ 1,70,000 ರೂಪಾಯಿ. ಏಳು ದಿನದೊಳಗೆ 25,000 ಕಟ್ಟಿದರೆ ಅದರಲ್ಲಿ ಅರ್ಧ ರಿಯಾಯಿತಿಯಂತೆ. ಹಾಸ್ಟೆಲ್ ಮತ್ತು ಊಟಕ್ಕೆ ಬೇರೆ 1,15,000. ದಿನಕ್ಕೆ ಎರಡು ಸಲ ಫೋನ್ ಬರುತ್ತಿದೆ. ‘ಅಷ್ಟು ದೂರದ ಕಾಲೇಜುಗಳೆಲ್ಲ ಬೋಗಸ್’ ಎಂದು ಅಣ್ಣ ಹೇಳುತ್ತಾನೆ. ‘ಯುಜಿಸಿ ಮಾನ್ಯತೆ ಇದೆ, ಚಿಂತೆ ಬೇಡ’ ಎಂದು ತಂಗಿಯ ಮಗ ಹೇಳುತ್ತಾನೆ. ಮಗಳಂತೂ ಆ ಪುಸ್ತಿಕೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಸೋಮವಾರದೊಳಗೆ ಹಣ ಕಟ್ಟಬೇಕು. ಏನು ಮಾಡಲಿ?

ಉತ್ತರ: ಸೋಮವಾರದ ವಿಷಯ ಮೊದಲು ಮುಗಿಸೋಣ. ಸೋಮವಾರ ಹಣ ಕಟ್ಟಬೇಡಿ. ಕಾಲೇಜು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದು ಒಳ್ಳೆಯ ಕಾಲೇಜೇ ಇರಬಹುದು. ಆದರೆ ಏಳು ದಿನದ ಗಡುವು ನಿಮ್ಮ ಮಗಳ ಓದಿಗಾಗಿ ಹಾಕಿದ್ದಲ್ಲ, ನೀವು ಬೇರೆಯವರನ್ನು ವಿಚಾರಿಸುವ ಮೊದಲೇ ನಿಮ್ಮ ಹಣ ಅವರ ಕೈ ಸೇರಲಿ ಎಂದು ಹಾಕಿದ್ದು. ಇಂಥ ‘ಕೊನೆಯ ದಿನ’ ಮುಗಿದ ಮೇಲೂ ಅದೇ ರಿಯಾಯಿತಿ ಮುಂದುವರಿದದ್ದನ್ನು ಪ್ರತಿ ವರ್ಷ ನೋಡಿದ್ದೇನೆ. ಸೀಟು ಉಳಿದಿರುವ ಕಾಲೇಜು ಬಂದ ವಿದ್ಯಾರ್ಥಿಯನ್ನು ಒಂದು ವಾರ ತಡವಾಯಿತೆಂದು ಹಿಂದಕ್ಕೆ ಕಳುಹಿಸುವುದಿಲ್ಲ.

ನೀವು ಕಳುಹಿಸಿದ 24 ಪುಟಗಳ ಫೋಟೋಗಳನ್ನು ಎರಡು ಸಲ ಓದಿದೆ. ಈ ಪುಸ್ತಿಕೆಗಳು ಹೇಗೆ ತಯಾರಾಗುತ್ತವೆ ಎಂಬುದು ನನಗೆ ಗೊತ್ತು. ಧಾರವಾಡದಲ್ಲಿ ಪ್ರವೇಶ ಸಲಹೆಯ ಕೆಲಸ ಶುರು ಮಾಡುವ ಮೊದಲು, ಘಟ್ಟದ ಅಂಚಿನ ಒಂದು ಖಾಸಗಿ ಕಾಲೇಜಿನ ಪ್ರವೇಶ ವಿಭಾಗದಲ್ಲಿ ಐದು ವರ್ಷ ಇದ್ದೆ. ಫೋಟೋ ತೆಗೆಯುವ ದಿನ ಮೊದಲೇ ಗೊತ್ತಾಗಿರುತ್ತಿತ್ತು. ಹಿಂದಿನ ಸಂಜೆ ಪಕ್ಕದ ಊರಿನ ಇನ್ನೊಂದು ಸಂಸ್ಥೆಯಿಂದ ಆರು ಸೂಕ್ಷ್ಮದರ್ಶಕಗಳು ಜೀಪಿನಲ್ಲಿ ಬಂದವು. ಚೆನ್ನಾಗಿ ಕಾಣುವ ಎಂಟು ಮಕ್ಕಳನ್ನು ಆರಿಸಿ ಬಿಳಿ ಕೋಟು ತೊಡಿಸಿದರು. ಮಂಜು ಸರಿದು ಹಿಂದಿನ ಗುಡ್ಡ ಹಸಿರಾಗಿ ಕಾಣುವವರೆಗೆ ಛಾಯಾಗ್ರಾಹಕ ಕಾದರು. ಮರುದಿನ ಆ ಸೂಕ್ಷ್ಮದರ್ಶಕಗಳು ವಾಪಸ್ ಹೋದವು. ಆ ಚಿತ್ರದ ಕೆಳಗೆ ‘ಸುಸಜ್ಜಿತ ಪ್ರಯೋಗಾಲಯ’ ಎಂದು ಬರೆದವಳು ನಾನೇ. ಆ ಎರಡು ಶಬ್ದ ನಂಬಿ ಬಂದ ಮಕ್ಕಳ ಮುಖ ನೋಡಿದ ಮೇಲೆ ಆ ಕೆಲಸ ಬಿಟ್ಟೆ. ಅಂದಿನಿಂದ ಯಾವ ಪುಸ್ತಿಕೆ ಕೈಗೆ ಬಂದರೂ ಮೊದಲು ಚಿತ್ರಗಳನ್ನು ಎಣಿಸುತ್ತೇನೆ.

ನಿಮ್ಮದರಲ್ಲಿ ಒಂಬತ್ತು ಪುಟ ಬೆಟ್ಟ, ಮೋಡ, ಸೂರ್ಯಾಸ್ತ. ಮೂರು ಪುಟ ಹಾಸ್ಟೆಲ್, ಕ್ಯಾಂಟೀನ್, ಜಿಮ್. ಎರಡು ಪುಟ ನೃತ್ಯ ಮತ್ತು ಕ್ರಿಕೆಟ್. ಕೃಷಿ ಪದವಿಯ ಪುಸ್ತಿಕೆಯಲ್ಲಿ ಹೊಲ ಇರುವುದು ಒಂದೇ ಚಿತ್ರದಲ್ಲಿ. ಅದರಲ್ಲೂ ನಾಲ್ವರು ವಿದ್ಯಾರ್ಥಿಗಳು ಬಿಳಿ ಬೂಟು ಹಾಕಿಕೊಂಡು ಹುಲ್ಲುಹಾಸಿನ ಮೇಲೆ ನಿಂತು ಒಂದು ಸಸಿಯನ್ನು ಬೊಗಸೆಯಲ್ಲಿ ಹಿಡಿದಿದ್ದಾರೆ. ಬೂಟಿನ ಮೇಲೆ ಒಂದು ಚಿಟಿಕೆ ಮಣ್ಣೂ ಇಲ್ಲ. ಕೃಷಿ ಕ್ಷೇತ್ರ ಎಷ್ಟು ಎಕರೆ, ನೀರು ಎಲ್ಲಿಂದ, ಯಾವ ಬೆಳೆ, ಕೃಷಿ ವಿಭಾಗದಲ್ಲಿ ಎಷ್ಟು ಬೋಧಕರು ಎಂಬ ಒಂದು ಸಾಲೂ 24 ಪುಟಗಳಲ್ಲಿ ಇಲ್ಲ.

ನೀವು ಬೀಜ ಮಾರುವವರು, ಆದ್ದರಿಂದ ನಿಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೆಕ್ಕೆಜೋಳದ ಪೊಟ್ಟಣದ ಮುಂದೆ ಮೊಳಕೈಯುದ್ದದ ತೆನೆಯ ಚಿತ್ರ ಇರುತ್ತದೆ. ಅದನ್ನು ನೋಡಿ ನೀವು ಮಾಲು ತರಿಸುವುದಿಲ್ಲ. ಪೊಟ್ಟಣ ತಿರುಗಿಸಿ ಲಾಟ್ ನಂಬರ್, ಮೊಳಕೆ ಪ್ರಮಾಣ, ಪರೀಕ್ಷೆಯ ದಿನಾಂಕ, ಅವಧಿ ನೋಡುತ್ತೀರಿ. ಚಿತ್ರ ಕಂಪನಿಯ ಇಷ್ಟ. ಲೇಬಲ್‌ನಲ್ಲಿ ಸುಳ್ಳು ಬರೆದರೆ ಮಾತ್ರ ಕೃಷಿ ಇಲಾಖೆಯವರು ಬಂದು ಕೇಳುತ್ತಾರೆ. ಕಾಲೇಜಿಗೂ ಹೀಗೆ ಎರಡು ಮುಖ ಇವೆ. ಒಂದು, ಮೇಳದಲ್ಲಿ ನಿಮಗೆ ಹೇಳಿದ ಮಾತು. ಇನ್ನೊಂದು, ಅದೇ ಕಾಲೇಜು ಸರ್ಕಾರಿ ಸಂಸ್ಥೆಗಳಿಗೆ ಬರೆದುಕೊಟ್ಟ ಮಾತು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ನನ್ನ ಇಡೀ ಉತ್ತರ ಇದರ ಸುತ್ತಲೇ ಇದೆ.

ಅಣ್ಣ ಹೇಳುವುದು, ಅಳಿಯ ಹೇಳುವುದು

ನಿಮ್ಮ ಅಣ್ಣನ ಮಾತು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಸೋಲನ್ ಜಿಲ್ಲೆಯ ಒಂದು ಖಾಸಗಿ ವಿಶ್ವವಿದ್ಯಾಲಯದ ನಕಲಿ ಪದವಿ ಪ್ರಕರಣ 2020ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಸಾವಿರಾರು ಪದವಿಗಳು ಮಾರಾಟವಾಗಿವೆ ಎಂದು ತನಿಖೆ ನಡೆಸಿದವರು ಹೇಳಿದರು. ಬಹುಶಃ ಅಣ್ಣನ ನೆನಪಿನಲ್ಲಿರುವುದು ಅದೇ. ಆದರೆ ಅದೇ ಸೋಲನ್ ಪಕ್ಕದ ನೌಣಿಯಲ್ಲಿ ಡಾ. ವೈ.ಎಸ್. ಪರ್ಮಾರ್ ತೋಟಗಾರಿಕೆ ಮತ್ತು ಅರಣ್ಯ ವಿಶ್ವವಿದ್ಯಾಲಯ 1985ರಿಂದ ಇದೆ. ಪಾಲಂಪುರದಲ್ಲಿ 1978ರಲ್ಲಿ ಶುರುವಾದ ಸರ್ಕಾರಿ ಕೃಷಿ ವಿಶ್ವವಿದ್ಯಾಲಯವಿದೆ. ಕೇಂದ್ರ ಸರ್ಕಾರದಡಿಯ ಅಣಬೆ ಸಂಶೋಧನಾ ಸಂಸ್ಥೆಯೂ ಸೋಲನ್‌ನಲ್ಲೇ ಇದೆ. ಬೆಟ್ಟದಲ್ಲಿ ಕೃಷಿ ಕಲಿಸುವುದು ಹೊಸ ವ್ಯಾಪಾರವೇನಲ್ಲ. ದೂರ ಎನ್ನುವ ಒಂದೇ ಕಾರಣಕ್ಕೆ ಕಾಲೇಜನ್ನು ತಳ್ಳಿಹಾಕುವುದು ಅನ್ಯಾಯ.

ನಿಮ್ಮ ಅಳಿಯನ ಮಾತು ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಅರ್ಧ ಸತ್ಯ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಪಟ್ಟಿಯಲ್ಲಿ ಹೆಸರಿದೆ ಎಂದರೆ ಆ ವಿಶ್ವವಿದ್ಯಾಲಯಕ್ಕೆ ಪದವಿ ಕೊಡುವ ಹಕ್ಕಿದೆ ಎಂದಷ್ಟೇ ಅರ್ಥ. 1956ರ ಯುಜಿಸಿ ಕಾಯ್ದೆಯ 22ನೇ ಕಲಂ ಹೇಳುವುದು ಅಷ್ಟನ್ನೇ. ಕೃಷಿ ಪದವಿಯ ಗುಣಮಟ್ಟ ನೋಡುವುದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ಅಂದರೆ ಐಸಿಎಆರ್. ಅದರ ರಾಷ್ಟ್ರೀಯ ಕೃಷಿ ಶಿಕ್ಷಣ ಮಾನ್ಯತಾ ಮಂಡಳಿ ಕಾಲೇಜಿನ ಹೊಲ, ಪ್ರಯೋಗಾಲಯ, ಬೋಧಕರ ಸಂಖ್ಯೆ ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಈ ಮಾನ್ಯತೆ ಇಲ್ಲದೆಯೂ ಒಂದು ಖಾಸಗಿ ವಿಶ್ವವಿದ್ಯಾಲಯ ಬಿಎಸ್ಸಿ ಕೃಷಿ ನಡೆಸಬಹುದು, ಪದವಿಯನ್ನೂ ಕೊಡಬಹುದು. ಕಾನೂನಿನ ಪ್ರಕಾರ ಅದು ನಕಲಿಯಲ್ಲ. ಮಾನ್ಯತೆ ಇಲ್ಲದ್ದು ನಾಲ್ಕು ವರ್ಷದ ಮೇಲೆ ಗೊತ್ತಾಗುತ್ತದೆ: ಐಸಿಎಆರ್ ಮೂಲಕ ನಡೆಯುವ ಅಖಿಲ ಭಾರತ ಎಂಎಸ್ಸಿ ಕೃಷಿ ಪ್ರವೇಶಕ್ಕೆ ಅರ್ಜಿ ಹಾಕುವಾಗ, ಮಾನ್ಯತೆಯಿಲ್ಲದ ಖಾಸಗಿ ಕಾಲೇಜಿನಿಂದ ಬಂದವರಿಗೆ ಬಾಗಿಲು ಮುಚ್ಚಿರುತ್ತದೆ.

ಗದಗ ಜಿಲ್ಲೆಯ ಒಬ್ಬ ಹುಡುಗ ಹೀಗೆ ನನ್ನ ಎದುರು ಕೂತಿದ್ದ. ಉತ್ತರದ ಯಾವುದೋ ಕಾಲೇಜಿನಲ್ಲಿ ಒಳ್ಳೆಯ ಅಂಕ ತೆಗೆದು ಬಂದವನು. ಅಂಕಪಟ್ಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿ, ‘ಇದರಲ್ಲಿ ಏನು ತಪ್ಪಿದೆ ಮೇಡಂ’ ಎಂದು ಕೇಳಿದ. ಅವನು ಬರೆದದ್ದರಲ್ಲಿ ಏನೂ ತಪ್ಪಿರಲಿಲ್ಲ. ಸೇರುವ ದಿನ ಯಾರೂ ಅವನಿಗೆ ಮಾನ್ಯತೆ ಎಂಬ ಈ ಒಂದು ಶಬ್ದ ಹೇಳಿರಲಿಲ್ಲ.

ಆದ್ದರಿಂದ ಕೇಳಬೇಕಾದ ಮೊದಲ ಕಾಗದ ಇದು: ಬಿಎಸ್ಸಿ ಕೃಷಿ ಕೋರ್ಸಿಗೆ ಐಸಿಎಆರ್ ಕೊಟ್ಟ ಮಾನ್ಯತಾ ಪತ್ರ. ಅದರಲ್ಲಿ ಕೋರ್ಸಿನ ಹೆಸರು ಮತ್ತು ಅವಧಿ ನೋಡಿ. ಮಾನ್ಯತೆ ಶಾಶ್ವತವಲ್ಲ, ಬೀಜದ ಪೊಟ್ಟಣದಂತೆ ಅದಕ್ಕೂ ಕೊನೆಯ ದಿನಾಂಕ ಇರುತ್ತದೆ. ‘ಐಸಿಎಆರ್ ಪಠ್ಯಕ್ರಮ’ ಎಂದು ನಿಮ್ಮ ಪುಸ್ತಿಕೆಯ 11ನೇ ಪುಟದಲ್ಲಿ ಬರೆದಿದೆ. ಈ ಮಾತನ್ನು ನೋಡಿ ಮೋಸ ಹೋಗಬೇಡಿ. ಐಸಿಎಆರ್ ಪಠ್ಯಕ್ರಮ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಅದನ್ನು ಇಟ್ಟುಕೊಂಡು ಪಾಠ ಮಾಡಬಹುದು. ಪಠ್ಯಕ್ರಮ ಅನುಸರಿಸುವುದು ಬೇರೆ, ಮಾನ್ಯತೆ ಪಡೆಯುವುದು ಬೇರೆ. ಆ ಸಾಲು ಬರೆದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು ಎಂದು ನನಗನ್ನಿಸುತ್ತದೆ.

ನ್ಯಾಕ್ ಶ್ರೇಣಿಯ ವಿಷಯ ಚಿಕ್ಕದು. ಅದು ಇಡೀ ವಿಶ್ವವಿದ್ಯಾಲಯಕ್ಕೆ ಸಿಗುವ ಶ್ರೇಣಿ. ಫಾರ್ಮಸಿ, ಎಂಜಿನಿಯರಿಂಗ್ ವಿಭಾಗಗಳು ಗಟ್ಟಿಯಾಗಿದ್ದು, ಕೃಷಿ ವಿಭಾಗ ಎರಡು ವರ್ಷದ ಹಿಂದೆ ಹುಟ್ಟಿದ್ದರೂ ಅದೇ ‘ಎ’ ಎಲ್ಲರ ಮೇಲೂ ಇರುತ್ತದೆ. 2025ರ ಫೆಬ್ರುವರಿಯಲ್ಲಿ ನ್ಯಾಕ್ ಪರಿಶೀಲನಾ ತಂಡದವರನ್ನೇ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿದ್ದನ್ನು ನೀವೂ ಪತ್ರಿಕೆಯಲ್ಲಿ ಓದಿರಬಹುದು. ಆ ಶ್ರೇಣಿಗೆ ಬೆಲೆಯೇ ಇಲ್ಲ ಎನ್ನಲಾರೆ, ಆದರೆ ಅದೊಂದನ್ನೇ ನೆಚ್ಚಿ ಮಗಳನ್ನು ಕಳುಹಿಸಲಾಗದು.

ನೂರಕ್ಕೆ ನೂರು ಎಂದರೆ ಎಷ್ಟು?

ನಾನು ಪುಸ್ತಿಕೆ ಬರೆಯುತ್ತಿದ್ದ ಕಾಲದಲ್ಲಿ ಈ ಲೆಕ್ಕ ಹೀಗಿರುತ್ತಿತ್ತು. ಅಂತಿಮ ವರ್ಷದಲ್ಲಿ 60 ಮಕ್ಕಳು. ಅವರಲ್ಲಿ ಬಾಕಿ ವಿಷಯ ಇರುವವರನ್ನು ತೆಗೆ. ಮುಂದೆ ಓದುತ್ತೇನೆ ಎಂದವರನ್ನು ತೆಗೆ. ಶುಲ್ಕ ಬಾಕಿ ಇರುವವರನ್ನು ತೆಗೆ. ಉಳಿದವರಲ್ಲಿ ‘ಉದ್ಯೋಗಕ್ಕೆ ನೋಂದಾಯಿಸಿದವರು’ 14. ಆ 14 ಮಂದಿಗೆ ಯಾವುದೋ ಕಂಪನಿಯ ಮಾರಾಟ ಪ್ರತಿನಿಧಿಯ ಕೆಲಸದ ಪತ್ರ ಸಿಕ್ಕರೆ, ನೂರಕ್ಕೆ ನೂರು. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಓದುವ ತಂದೆ 60ಕ್ಕೆ 60 ಎಂದುಕೊಳ್ಳುತ್ತಾನೆ. ಹಾಗೆಯೇ ‘ಅತ್ಯಧಿಕ ಪ್ಯಾಕೇಜ್’ ಎಂಬುದು ಒಬ್ಬನೇ ಒಬ್ಬನ ಸಂಬಳ. ಅವನು ಕೃಷಿ ವಿಭಾಗದವನೇ ಎಂದೂ ಪುಸ್ತಿಕೆ ಹೇಳುವುದಿಲ್ಲ.

ಇದರ ಲೇಬಲ್ ಎಲ್ಲಿದೆ ಎಂದರೆ ಎನ್‌ಐಆರ್‌ಎಫ್‌ನಲ್ಲಿ. ಕೇಂದ್ರ ಸರ್ಕಾರದ ಈ ಶ್ರೇಯಾಂಕ ಪಟ್ಟಿ 2016ರಿಂದ ಬರುತ್ತಿದೆ. 2023ರಿಂದ ಕೃಷಿಗೆ ಪ್ರತ್ಯೇಕ ವಿಭಾಗವೂ ಇದೆ. ಎಲ್ಲರೂ ರ‍್ಯಾಂಕ್ ನೋಡಿ ಬಿಡುತ್ತಾರೆ. ನೀವು ರ‍್ಯಾಂಕ್ ಬಿಟ್ಟು ಅದರ ಹಿಂದಿನ ಕಾಗದ ನೋಡಿ. ಭಾಗವಹಿಸಿದ ಪ್ರತಿ ಸಂಸ್ಥೆಯೂ ತಾನು ಸಲ್ಲಿಸಿದ ಮಾಹಿತಿಯನ್ನು ತನ್ನ ಜಾಲತಾಣದಲ್ಲಿ ಹಾಕಬೇಕು. ನಾಲ್ಕು ವರ್ಷದ ಕೋರ್ಸಿಗೆ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಸಮಯಕ್ಕೆ ಸರಿಯಾಗಿ ತೇರ್ಗಡೆಯಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮಧ್ಯಾಂಕ ಸಂಬಳ ಎಷ್ಟು ಎಂಬುದೆಲ್ಲ ಅಲ್ಲಿ ಕೋಷ್ಟಕದಲ್ಲಿ ಇರುತ್ತದೆ. ಮಧ್ಯಾಂಕ ಎಂದರೆ ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಲ್ಲುವವನ ಸಂಬಳ. ಒಬ್ಬ ದೊಡ್ಡ ಸಂಬಳದವನು ಇಡೀ ಚಿತ್ರ ಬದಲಿಸಲು ಇಲ್ಲಿ ಆಗುವುದಿಲ್ಲ.

ಅದೇ ಕಾಗದದಲ್ಲಿ ಇನ್ನೂ ಮೂರು ಸಂಗತಿ ಇರುತ್ತವೆ, ನಾನು ಯಾವಾಗಲೂ ಮೊದಲು ಅವನ್ನೇ ನೋಡುತ್ತೇನೆ. ಹೊರರಾಜ್ಯದ ವಿದ್ಯಾರ್ಥಿಗಳು ಎಷ್ಟು, ಒಟ್ಟು ಹುಡುಗಿಯರು ಎಷ್ಟು. ಬೋಧಕರ ಹೆಸರು, ವಿದ್ಯಾರ್ಹತೆ, ಸೇರಿದ ದಿನಾಂಕ; ಎಲ್ಲರೂ ಕಳೆದ ವರ್ಷವೇ ಸೇರಿದ್ದರೆ ಮುಂದಿನ ವರ್ಷ ಎಷ್ಟು ಮಂದಿ ಇರುತ್ತಾರೆ ಎಂದು ಯೋಚಿಸಿ. ಕೊನೆಯದು, ಪ್ರಯೋಗಾಲಯದ ಉಪಕರಣ ಮತ್ತು ಗ್ರಂಥಾಲಯಕ್ಕೆ ವರ್ಷಕ್ಕೆ ಎಷ್ಟು ಖರ್ಚು ಮಾಡಿದ್ದಾರೆ ಎಂಬುದು. ‘ಸುಸಜ್ಜಿತ’ ಎಂಬ ಶಬ್ದದ ನಿಜವಾದ ಬೆಲೆ ಆ ಸಾಲಿನಲ್ಲಿ ರೂಪಾಯಿಯ ಲೆಕ್ಕದಲ್ಲಿ ಇರುತ್ತದೆ. ಕಾಲೇಜು ಎನ್‌ಐಆರ್‌ಎಫ್‌ನಲ್ಲಿ ಭಾಗವಹಿಸಿಯೇ ಇಲ್ಲ ಎಂದಾದರೆ, ಇದೇ ಮಾಹಿತಿಯನ್ನು ಮೇಲ್ ಮೂಲಕ ಕೇಳಿ. ಕೊಡಲು ಹಿಂಜರಿದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಿರಿ.

ಬೆಟ್ಟದ ಬಗ್ಗೆ

ನಿಮ್ಮ ಮಗಳ ಮನಸ್ಸು ಹಿಡಿದಿರುವುದು ಬೆಟ್ಟವೇ ಆದ್ದರಿಂದ ಅದನ್ನು ಹಗುರವಾಗಿ ನೋಡಲಾರೆ. ಹದಿನೆಂಟು ವರ್ಷ ಬಯಲಿನಲ್ಲಿ ಬೆಳೆದ ಹುಡುಗಿಗೆ ದೇವದಾರು ಮರಗಳ ನಡುವೆ ಓದಬೇಕು ಅನ್ನಿಸುವುದು ಸಹಜವಾದ ಆಸೆ, ಒಳ್ಳೆಯ ಆಸೆ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯ ನಿಂತಿರುವುದೂ ಛೋಟಾ ಮಹಾಬಳೇಶ್ವರ ಎಂಬ ಗುಡ್ಡದ ಮೇಲೆಯೇ. ಅಲ್ಲಿ ಓದಿದವರು ಆ ಏರು, ಆ ಗಾಳಿ, ಮಳೆಗಾಲದ ಆ ಮಂಜನ್ನು ಮುಪ್ಪಿನವರೆಗೂ ನೆನೆಯುತ್ತಾರೆ. ಜಾಗ ಓದಿಗೆ ಬಲ ಕೊಡುತ್ತದೆ ಎಂಬುದನ್ನು ನಾನು ನಂಬುತ್ತೇನೆ.

ಆದರೆ ಪುಸ್ತಿಕೆಯ ಬೆಟ್ಟ ಮತ್ತು ಸೋಲನ್‌ನ ಬೆಟ್ಟ ಒಂದೇ ಅಲ್ಲ. ಸೋಲನ್ ಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹಿಮ ಬೀಳುವುದು ಅಪರೂಪ. ಮುಖಪುಟದ ಹಿಮಶಿಖರಗಳು ಬಹಳ ದೂರದವು. ಮಗಳು ಸೇರಬೇಕಾದ ಜುಲೈ, ಆಗಸ್ಟ್ ತಿಂಗಳುಗಳು ಅಲ್ಲಿ ಜೋರು ಮಳೆಗಾಲ. 2023ರ ಆಗಸ್ಟ್‌ನಲ್ಲಿ ಸೋಲನ್ ಜಿಲ್ಲೆಯ ಚಕ್ಕಿ ಮೋಡ್ ಬಳಿ ಚಂಡೀಗಢ–ಶಿಮ್ಲಾ ಹೆದ್ದಾರಿ ಕುಸಿದು ಸಂಚಾರವೇ ನಿಂತಿತು. ಅದೇ ತಿಂಗಳು ಶಿಮ್ಲಾದ ಸಮ್ಮರ್ ಹಿಲ್‌ನಲ್ಲಿ ಭೂಕುಸಿತವಾಗಿ ಜನ ಸತ್ತರು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಅಲ್ಲಿನ ಜನ ಅದರೊಂದಿಗೆ ಬದುಕುತ್ತಾರೆ, ಮಕ್ಕಳು ಓದುತ್ತಾರೆ. ಆದರೆ ಮಗಳು ಜ್ವರ ಬಂದು ಮಲಗಿದರೆ ನೀವು ತಲುಪಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಲೇಬೇಕು. ಯಶವಂತಪುರ–ಚಂಡೀಗಢ ಸಂಪರ್ಕ ಕ್ರಾಂತಿ ರೈಲು ಹುಬ್ಬಳ್ಳಿಯ ಮೂಲಕ ಹೋಗುತ್ತದೆ, ಆದರೆ ದಿನವೂ ಇಲ್ಲ. ಎರಡು ರಾತ್ರಿ ರೈಲಿನಲ್ಲಿ ಕಳೆದು, ಅಲ್ಲಿಂದ ಮೇಲಕ್ಕೆ ಬಸ್ಸು ಹತ್ತಬೇಕು.

ಕೃಷಿ ವಿದ್ಯಾರ್ಥಿಗೆ ಬೆಟ್ಟದ ಪ್ರಶ್ನೆ ಬೇರೆ ಯಾರಿಗಿಂತಲೂ ಹೆಚ್ಚು ಮುಖ್ಯ. ಇದನ್ನು ಮೇಳದಲ್ಲಿ ಯಾರೂ ಹೇಳುವುದಿಲ್ಲ. ಎಂಜಿನಿಯರಿಂಗ್ ಓದುವವನಿಗೆ ಕಿಟಕಿಯ ಆಚೆ ಯಾವ ಮಣ್ಣಿದ್ದರೂ ನಡೆಯುತ್ತದೆ. ಕೃಷಿ ಓದುವವಳಿಗೆ ಮಣ್ಣೇ ಪಾಠ. ಸೋಲನ್ ಕಡೆ ಮೆಟ್ಟಿಲು ಗದ್ದೆಗಳು. ಟೊಮೆಟೊ, ದೊಣ್ಣೆ ಮೆಣಸಿನಕಾಯಿ, ಬಟಾಣಿ, ಅಣಬೆ. ಮೇಲಕ್ಕೆ ಹೋದರೆ ಸೇಬು. ನಿಮ್ಮ ಮಗಳು ವಾಪಸ್ ಬಂದು ನಿಲ್ಲುವುದು ಎರೆಮಣ್ಣಿನ ಮೇಲೆ, ಡಬ್ಬಿ ಮತ್ತು ಕಡ್ಡಿ ಮೆಣಸಿನಕಾಯಿಯ ನಡುವೆ, ಹತ್ತಿ, ಮೆಕ್ಕೆಜೋಳದ ನಡುವೆ. ನಾಲ್ಕನೇ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಹಳ್ಳಿಯಲ್ಲಿದ್ದು ರೈತರೊಡನೆ ಕೆಲಸ ಮಾಡಬೇಕಾಗುತ್ತದೆ. ಆ ತಿಂಗಳುಗಳೇ ಕೃಷಿ ಪದವೀಧರೆಯನ್ನು ರೂಪಿಸುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಿ ಅವಳು ಪಹಾಡಿ ಬೆರೆತ ಹಿಂದಿಯಲ್ಲಿ ಸೇಬಿನ ರೈತನೊಡನೆ ಮಾತಾಡುತ್ತಾಳೆ. ಇಲ್ಲಿ ಓದಿದರೆ ಮೆಣಸಿನಕಾಯಿ ಗಿಡದ ಎಲೆ ಮುಟುರು ರೋಗದ ಬಗ್ಗೆ ಕನ್ನಡದಲ್ಲಿ ಹಳ್ಳಿಯ ಅಜ್ಜನೊಡನೆ ಮಾತಾಡುತ್ತಾಳೆ. ತಂಪು ಪ್ರದೇಶದ ತೋಟಗಾರಿಕೆ ಅಥವಾ ಅಣಬೆ ಬೇಸಾಯದಲ್ಲಿ ಮುಂದೆ ಹೋಗುವ ಆಸೆಯಿದ್ದರೆ ಬೆಟ್ಟವೇ ಸರಿ. ಅಂಗಡಿ ಮತ್ತು ಹೊಲಕ್ಕೆ ಮರಳುವ ಯೋಚನೆಯಿದ್ದರೆ ಇಲ್ಲಿನ ಮಣ್ಣು ಹೆಚ್ಚು ಕಲಿಸುತ್ತದೆ. ಯಾವುದು ಎಂದು ಅವಳನ್ನೇ ಕೇಳಿ, ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.

ಹಣದ ಲೆಕ್ಕ

ಅರ್ಧ ರಿಯಾಯಿತಿ ನಾಲ್ಕೂ ವರ್ಷ ಇದ್ದರೆ ಬೋಧನಾ ಶುಲ್ಕ 3,40,000. ಹಾಸ್ಟೆಲ್ ಮತ್ತು ಊಟ ಇದೇ ದರದಲ್ಲಿ ಉಳಿದರೂ 4,60,000. ಒಟ್ಟು ಎಂಟು ಲಕ್ಷ. ರಿಯಾಯಿತಿ ಮೊದಲ ವರ್ಷಕ್ಕೆ ಮಾತ್ರವಾದರೆ ಬೋಧನಾ ಶುಲ್ಕವೇ 5,95,000 ಆಗಿ, ಒಟ್ಟು 10,55,000. ಎರಡೂವರೆ ಲಕ್ಷಕ್ಕೂ ಹೆಚ್ಚಿನ ವ್ಯತ್ಯಾಸ ಪುಸ್ತಿಕೆಯ ಕೊನೆಯ ಪುಟದ ಕೆಳಗೆ, ಕನ್ನಡಕ ಹಾಕಿದರೂ ಕಷ್ಟವಾಗುವ ಅಕ್ಷರದ ಒಂದು ಸಾಲಿನಲ್ಲಿದೆ: ‘ನಿಗದಿತ ಅಂಕಗಳಿಗೆ ಒಳಪಟ್ಟು’. ಎಷ್ಟು ಅಂಕ, ಒಂದು ಸೆಮಿಸ್ಟರ್ ಕಡಿಮೆಯಾದರೆ ಏನು ಎಂದು ಬರೆದಿಲ್ಲ. ಅದನ್ನು ಬರಹದಲ್ಲಿ ಕೇಳಿ. ಪ್ರಯಾಣ, ಚಳಿಗಾಲದ ಬಟ್ಟೆ, ಪರೀಕ್ಷಾ ಶುಲ್ಕ ಈ ಲೆಕ್ಕದಲ್ಲಿ ಸೇರಿಲ್ಲ.

ಬ್ಯಾಂಕ್ ಸಾಲದ ಯೋಚನೆಯಿದ್ದರೆ ಒಂದು ಸುಲಭದ ಪರೀಕ್ಷೆ ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ. ಆದರೆ ಆಯ್ದ ಸಂಸ್ಥೆಗಳಿಗೆ ಮಾತ್ರ. ಆರಂಭದಲ್ಲಿ ಆ ಪಟ್ಟಿಯಲ್ಲಿ 860 ಸಂಸ್ಥೆಗಳಿದ್ದವು. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯೇ ಎಂದು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ಇಲ್ಲದಿದ್ದರೆ ಸಾಲವೇ ಸಿಗುವುದಿಲ್ಲ ಎಂದಲ್ಲ, ಹಳೆಯ ಶಿಕ್ಷಣ ಸಾಲದ ದಾರಿ ಇದೆ. ಆದರೆ ಬ್ಯಾಂಕಿನವರು ಕೇಳುವ ಪ್ರಶ್ನೆಗಳನ್ನು ಗಮನವಿಟ್ಟು ಕೇಳಿ.

ಹಣ ಕಟ್ಟಿ ಮನಸ್ಸು ಬದಲಾದರೆ? ಯುಜಿಸಿಯ 2018ರ ನಿಯಮದ ಪ್ರಕಾರ ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲೇ ಬಿಟ್ಟರೆ ಪೂರ್ತಿ ಶುಲ್ಕ ಮರಳಬೇಕು. ಕಚೇರಿ ಖರ್ಚೆಂದು ಶೇ 5ರಷ್ಟು, ಗರಿಷ್ಠ 5,000 ರೂಪಾಯಿ ಮಾತ್ರ ಹಿಡಿಯಬಹುದು. ತಡವಾದಂತೆ ಮರಳುವ ಶುಲ್ಕ ಶೇ 90, 80, 50 ಎಂದು ಇಳಿಯುತ್ತದೆ, ಕೊನೆಯ ದಿನದಿಂದ 30 ದಿನ ಕಳೆದರೆ ಏನೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ. ಇಷ್ಟೆಲ್ಲ ರಕ್ಷಣೆ ಸಿಗುವುದು ಹಣ ವಿಶ್ವವಿದ್ಯಾಲಯದ ಖಾತೆಗೆ ಹೋಗಿ ರಸೀದಿ ಬಂದಿದ್ದರೆ ಮಾತ್ರ. ಫೋನ್ ಮಾಡುತ್ತಿರುವ ಆ ‘ಕೌನ್ಸೆಲರ್’ ಕಾಲೇಜಿನ ಸಿಬ್ಬಂದಿಯೇ ಅಥವಾ ಸೀಟಿಗೆ ಇಷ್ಟು ಎಂದು ಕಮಿಷನ್ ಪಡೆಯುವ ಏಜೆಂಟರೇ ಎಂದು ನೇರವಾಗಿ ಕೇಳಿ. ಅವರ ಮೊಬೈಲ್ ನಂಬರಿಗೆ ಒಂದು ರೂಪಾಯಿಯೂ ಕಳುಹಿಸಬೇಡಿ.

ಪುಸ್ತಿಕೆಯಲ್ಲಿ ಸುಳ್ಳು ಮಾಹಿತಿ ಕೊಡುವುದು ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳಡಿ ದೂರಿನ ವಿಷಯವೇ ಆಗುತ್ತದೆ. ಹಿಮಾಚಲದಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಗಳಿಗೆಂದೇ 2010ರ ಕಾಯ್ದೆಯಡಿ ರಚನೆಯಾದ ನಿಯಂತ್ರಣ ಆಯೋಗ ಶಿಮ್ಲಾದಲ್ಲಿದೆ. ಸೇರುವ ಮೊದಲು ಅಲ್ಲಿಗೂ ಒಂದು ಮೇಲ್ ಬರೆದು, ಈ ಕೋರ್ಸಿಗೆ ಅನುಮತಿ ಇದೆಯೇ, ಒಪ್ಪಿಗೆ ಪಡೆದ ಶುಲ್ಕ ಎಷ್ಟು ಎಂದು ಕೇಳಬಹುದು. ಪಟ್ಟಿಯ ಶುಲ್ಕವನ್ನೇ ಏರಿಸಿ ಆಮೇಲೆ ‘ಅರ್ಧ ರಿಯಾಯಿತಿ’ ಎಂದಿದ್ದಾರೆಯೇ ಎಂಬುದು ಆಗ ತಿಳಿಯುತ್ತದೆ.

ಬೇರೆ ದಾರಿಗಳು

ಸಿಇಟಿಯ ಬಾಗಿಲು ಇನ್ನೂ ಮುಚ್ಚಿಲ್ಲ. ಮೊದಲ ಸುತ್ತಿನಲ್ಲಿ ಸಿಗದ ಸೀಟು ನಂತರದ ಸುತ್ತಿನಲ್ಲಿ ಸಿಕ್ಕ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಆಯ್ಕೆ ಪಟ್ಟಿ ತುಂಬುವಾಗ ಧಾರವಾಡ ಮತ್ತು ನಿಮ್ಮ ಪಕ್ಕದ ಹನುಮನಮಟ್ಟಿಯ ಕೃಷಿ ಕಾಲೇಜು ಎರಡನ್ನೇ ಬರೆದು ಬಿಡಬೇಡಿ, ವಿಜಯಪುರವನ್ನೂ ಹಾಕಿ. ಬೆಟ್ಟವೇ ಬೇಕು ಎಂದು ಮಗಳು ಹಟ ಹಿಡಿದರೆ ಶಿರಸಿಯ ಅರಣ್ಯ ಮಹಾವಿದ್ಯಾಲಯ ತೋರಿಸಿ. ಅದು ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದೇ, ಸಹ್ಯಾದ್ರಿಯ ಮಡಿಲಲ್ಲೇ ಇದೆ. ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಪೊನ್ನಂಪೇಟೆಯ ಅರಣ್ಯ ಕಾಲೇಜು ಕೂಡ ಇವೆ. ಹಾವೇರಿ ಪಕ್ಕದ ದೇವಿಹೊಸೂರಿನಲ್ಲಿ ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಆಹಾರ ತಂತ್ರಜ್ಞಾನ ಕಾಲೇಜು ಇದೆ. ಇಲ್ಲಿನ ತೊಂದರೆ ಏನೆಂದರೆ, ಕೃಷಿ ಎಂದು ಹೊರಟವಳು ಅರಣ್ಯ ಅಥವಾ ತೋಟಗಾರಿಕೆಗೆ ಒಪ್ಪಿಕೊಳ್ಳಬೇಕಾಗಬಹುದು. ಅರಣ್ಯಶಾಸ್ತ್ರಕ್ಕೆ ಉದ್ಯೋಗದ ದಾರಿಗಳು ಕೃಷಿಗಿಂತ ಕಡಿಮೆ ಎಂಬುದನ್ನು ಮುಚ್ಚಿಡುವುದಿಲ್ಲ.

ಒಂದು ವರ್ಷ ಕಾದು ಮತ್ತೆ ಬರೆಯುವುದು ಇನ್ನೊಂದು ದಾರಿ. ಸಿಇಟಿಯ ಜೊತೆಗೆ ಸಿಯುಇಟಿ ಎಂಬ ಅಖಿಲ ಭಾರತ ಪ್ರವೇಶ ಪರೀಕ್ಷೆಯನ್ನೂ ಬರೆಯಲಿ. ದೇಶದ ಸರ್ಕಾರಿ ಕೃಷಿ ವಿಶ್ವವಿದ್ಯಾಲಯಗಳ ಶೇ 20ರಷ್ಟು ಪದವಿ ಸೀಟುಗಳು ಐಸಿಎಆರ್ ಕೋಟಾದಡಿ ಆ ಪರೀಕ್ಷೆಯ ಮೂಲಕ ತುಂಬುತ್ತವೆ. ನೌಣಿ, ಪಾಲಂಪುರದಂಥ ನಿಜವಾದ ಬೆಟ್ಟದ ವಿಶ್ವವಿದ್ಯಾಲಯಗಳಿಗೆ ಸರ್ಕಾರಿ ಶುಲ್ಕದಲ್ಲಿ ಹೋಗುವ ದಾರಿ ಅದು. ಕಾಯುವ ವರ್ಷ ಮಾತ್ರ ಎಲ್ಲ ಮಕ್ಕಳಿಗೂ ಒಗ್ಗುವುದಿಲ್ಲ. ಗೆಳತಿಯರೆಲ್ಲ ಕಾಲೇಜಿಗೆ ಹೋಗುವಾಗ ಮನೆಯಲ್ಲಿ ಕೂರುವ ಹುಡುಗಿಯ ಮೇಲೆ ನೆಂಟರು ಮದುವೆಯ ಮಾತು ತರುತ್ತಾರೆ. ಅದನ್ನು ತಡೆಯುವ ಹೊಣೆ ನಿಮ್ಮದು. ಆ ಹೊಣೆ ಹೊರುವ ಧೈರ್ಯ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಧಾರವಾಡದಲ್ಲಿ ಸಸ್ಯಶಾಸ್ತ್ರ, ರಸಾಯನಶಾಸ್ತ್ರದ ಬಿಎಸ್ಸಿಯೂ ಇದೆ. ಕೀಟನಾಶಕ ಮಾರಾಟದ ಪರವಾನಗಿಗೆ ಕೇಳುವ ವಿದ್ಯಾರ್ಹತೆಗೆ ಅದೂ ಸಾಕಾಗುತ್ತದೆ. ಆ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಂಗಡಿ ಮುಂದುವರಿಸುವುದೇ ಗುರಿಯಾದರೆ ಖರ್ಚು ಬಹಳ ಕಡಿಮೆ. ಆದರೆ ಆ ಪದವಿಯಿಂದ ಎಂಎಸ್ಸಿ ಕೃಷಿಗೆ ಹೋಗಲಾಗದು, ಕೃಷಿ ಅಧಿಕಾರಿ ಹುದ್ದೆಗೂ ಆಗದು.

ಕೊನೆಗೆ, ಅದೇ ಹಿಮಾಚಲದ ಕಾಲೇಜು. ಐಸಿಎಆರ್ ಪತ್ರ ಬಂತು, ಎನ್‌ಐಆರ್‌ಎಫ್ ಕೋಷ್ಟಕ ಸರಿಯಾಗಿ ಕಂಡಿತು, ರಿಯಾಯಿತಿಯ ಷರತ್ತು ಬರಹದಲ್ಲಿ ಸಿಕ್ಕಿತು ಎಂದಾದರೆ ಕಳುಹಿಸಿ, ನಾನು ಬೇಡ ಎನ್ನುವುದಿಲ್ಲ. ಹಣ ಕಟ್ಟುವ ಮೊದಲು ಮಗಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ, ಅದೂ ಮಳೆಯಲ್ಲೇ. ಪ್ರವೇಶ ಕಚೇರಿಯವರು ತೋರಿಸಿದ್ದನ್ನು ನೋಡಿ ಮುಗಿಸಿದ ಮೇಲೆ, ಮೆಸ್‌ನಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತು ದಕ್ಷಿಣದ ಮಕ್ಕಳು ಯಾರಿದ್ದಾರೆ ಎಂದು ಹುಡುಕಿ ಮಾತಾಡಿಸಿ. ಕೃಷಿ ಕ್ಷೇತ್ರಕ್ಕೆ ನಡೆದುಕೊಂಡು ಹೋಗಿ. ಮೂರನೇ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ‘ಈ ಸೆಮಿಸ್ಟರ್‌ನಲ್ಲಿ ನೀನು ಯಾವ ಬೆಳೆ ಬೆಳೆದೆ’ ಎಂದು ನಿಮ್ಮ ಮಗಳೇ ಕೇಳಲಿ. ರೈತನ ಮಗಳಾದ ಅವಳಿಗೆ ಉತ್ತರ ಕೇಳಿದ ಕೂಡಲೇ ತಿಳಿದುಬಿಡುತ್ತದೆ.

ಮೇಲ್ ಈ ಸಂಜೆಯೇ ಹೋಗಲಿ. ಮಗಳ ಕೈಯಿಂದಲೇ ಬರೆಸಿ, ಅವಳ ಹೆಸರಿನಲ್ಲೇ ಕಳುಹಿಸಿ. ಮಾನ್ಯತಾ ಪತ್ರ, ಕೃಷಿ ಕ್ಷೇತ್ರದ ವಿಸ್ತೀರ್ಣ, ಬೋಧಕರ ಪಟ್ಟಿ, ರಿಯಾಯಿತಿಯ ಷರತ್ತು, ಈ ನಾಲ್ಕನ್ನು ಕೇಳಿದರೆ ಸಾಕು. ಎಂಟು ದಿನ ಕಾಯಿರಿ. ಏನು ಬಂತು ಎಂದು ನನಗೂ ಕಳುಹಿಸಿ, ಕೂತು ನೋಡುತ್ತೇನೆ. ಅಷ್ಟರಲ್ಲಿ ಫೋನ್ ಬಂದರೆ ‘ಮೇಲ್‌ಗೆ ಉತ್ತರ ಬಂದ ಮೇಲೆ ಮಾತಾಡೋಣ’ ಎಂದು ಹೇಳಿ ಇಟ್ಟುಬಿಡಿ.